ರೋಮನ್ ಸೈನಿಕರ ಅಂಗಿ ಹೇಗೆ ಮಾಡ್ಸೋದು? ಟೈಲರ್ ಕೈಚೆಲ್ಲಿದಾರೆ

ಘಟ್ಟದಮೇಲಿನವ (ಶಿರಸಿ):
ಕಾಲೇಜ್ ಗ್ಯಾದರಿಂಗಿಗೆ ನಾಟಕ ಮಾಡ್ತಾ ಇದ್ದೇವೆ, ಅದ್ರಲ್ಲಿ ನಾಲ್ಕು ಜನ ರೋಮನ್ ಸೈನಿಕರು, ಮಾತು ಎರಡೇ ಸಾಲು ಆದ್ರೆ ಪೂರ್ತಿ ಹೊತ್ತು ಸ್ಟೇಜ್ ಮೇಲೇ ನಿಂತಿರ್ತಾರೆ, ಹಂಗಾಗಿ ಡ್ರೆಸ್ಸಿಂದೇ ತಲೆಬಿಸಿ. ಸಿನಿಮಾದಲ್ಲಿ ನೋಡಿದ ಹಾಗೆ ಕೆಂಪು ಬಟ್ಟೆ ತಂದು ಟೈಲರಿಗೆ ಕೊಟ್ಟೆ, ಅವ್ರು ಎದೆ ಅಳತೆ ತಗೊಂಡು ತೋಳು ಕೂರಿಸಿ ಹೊಲಿದ್ರು, ಹಾಕಿ ನೋಡಿದ್ರೆ ಥೇಟ್ ವಾರ್ಡ್ ಬಾಯ್. ಇನ್ನೊಂದು ದೊಗಲೆ ಮಾಡಿ ಅಂದೆ, ಅದು ನೈಟಿ ಆಯ್ತು. ನಿಜಕ್ಕೂ ಅವ್ರ ಅಂಗಿ ಹೇಗಿತ್ತು, ಕೆಂಪೇನಾ? ಗೊತ್ತಿದ್ದವ್ರು ಹೇಳಿ ಮಾರಾಯ್ರೆ, ಹತ್ತೇ ದಿನ ಇರೋದು.

ಮಗ್ಗದಗುಂಡಿ:
ಟೈಲರದ್ದು ತಪ್ಪಿಲ್ಲ, ಅದು ಕತ್ತರಿ ಹಾಕೋ ಬಟ್ಟೆನೇ ಅಲ್ಲ. ಸೀರೆ ಪಂಚೆ ಮಗ್ಗದಿಂದ ಇಳಿದ ಕೂಡ್ಲೇ ಹೇಗೆ ಉಡೋಕೆ ರೆಡಿಯೋ, ಟ್ಯೂನಿಕ್ಕೂ (ಅವ್ರ ಆ ಅಂಗಿ) ಹಾಗೇ, ಅಳತೆಗೆ ಸರಿಯಾಗಿ ನೇಯ್ದು ಇಳಿಸೋದು. ನಿಂತಿರೋ ಮಗ್ಗ, ಹಾಸಿನ (ಉದ್ದಕ್ಕೆ ಬರೋ) ನೂಲಿನ ತುದಿಗೆ ಮಣ್ಣಿನ ಗುಂಡು ಕಟ್ಟಿ ಜೋತು ಬಿಡೋದು, ಆಮೇಲೆ ಗುಂಡು ಹೋಗಿ ಕೆಳಗೂ ಒಂದು ಮರದ ದಿಂಡು ಬಂತು. ಇಸ್ರೇಲಿನ ನಹಾಲ್ ಹೆವೆರ್ ಗುಹೇಲಿ 1960-61ರಲ್ಲಿ ಪುರಾತತ್ವದ ಯಿಗೇಲ್ ಯಾದಿನ್ ತಂಡಕ್ಕೆ ಆ ಕಾಲದ ಉಣ್ಣೆ ಟ್ಯೂನಿಕ್ ಸಿಕ್ಕಿದಾವೆ, ಸೈನಿಕರದ್ದಲ್ಲ, ರೋಮನ್ನರಿಗೆ ಹೆದರಿ ಅಡಗಿದ್ದವ್ರದ್ದು, ಆದ್ರೆ ಕಟ್ಟು ನೋಡೋಕೆ ಅದೇ ಆಧಾರ: ಎರಡು ಚೌಕ ತುಂಡು, ಭುಜದ ಮೇಲೆ ಹೊಲಿಗೆ, ಕುತ್ತಿಗೆ ಜಾಗ ಮಾತ್ರ ಹೊಲಿಯದೇ ಬಿಟ್ಟದ್ದು. ಅಷ್ಟೇ!

ಸೈನ್ಯದ್ದೇ ಬೇಕಂದ್ರೆ ಕ್ರಿ.ಶ. 138ರ ಒಂದು ಪಪೈರಸ್ (ಜೊಂಡಿನ ಕಾಗದದ ಪತ್ರ) ಇದೆ, ಕಪಡೋಸಿಯದ (ಈಗಿನ ಟರ್ಕಿ ಕಡೆ) ಸೈನ್ಯಕ್ಕೆ ಅಂತ ಈಜಿಪ್ಟಿನ ಫಿಲಡೆಲ್ಫಿಯ ಅನ್ನೋ ಊರಿನ ನೇಕಾರರಿಗೆ ಕೊಟ್ಟ ಆರ್ಡರ್. ಟ್ಯೂನಿಕ್ ಉದ್ದ ಮೂರೂವರೆ ಮೊಳ, ಅಗಲ ಮೂರು ಮೊಳ ನಾಲ್ಕು ಬೆರಳು, ಬಿಳಿ ಉಣ್ಣೆ, ಕೊಳೆ ಇರಬಾರ್ದು, ನೇಯ್ಗೆ ಗಟ್ಟಿ ಇರಬೇಕು, ಅಂಚು ಸರಿಯಾಗಿ ಕಟ್ಟಿರಬೇಕು. ತೂಕಾನೂ ಬರ್ದಿದಾರೆ, ನಮ್ಮ ಲೆಕ್ಕದಲ್ಲಿ ಒಂದೂವರೆ ಕೆಜಿ ಮೇಲೆ. ನೂಲು ಕದ್ದು ತೆಳ್ಳಗೆ ನೇಯ್ದ್ರೆ ತಕ್ಕಡೀಲಿ ಸಿಕ್ಕಿಬೀಳ್ತಾರಲ್ಲ, ನಂಗೆ ಅದೇ ಖುಷಿ ಆಗಿದ್ದು.

ಅಗಲ ನೋಡಿ, ಎದೆಗಿಂತ ಎಷ್ಟೋ ಜಾಸ್ತಿ. ಭುಜದಿಂದ ಇಳಿಬಿದ್ದದ್ದೇ ತೋಳು. ನೀವು ಡಬಲ್ ಬೆಡ್‌ಶೀಟ್ ತಗೊಳ್ಳಿ, ಮೊಣಕೈಯಿಂದ ಮೊಣಕೈಗೆ ಅಗಲ, ಮೊಣಕಾಲಿಂದ ಗೇಣು ಕೆಳಗೆ ಉದ್ದ, ಬೆಲ್ಟ್ ಬಿಗಿದು ಮೇಲೆಳೆದು ಬಿಡಿ. ಕುತ್ತಿಗೆ ಜಾಸ್ತಿ ಅಗಲ ಆದ್ರೆ ಹಿಂದೆ ಬಟ್ಟೆ ಸೇರಿಸಿ ಗಂಟು ಹಾಕೋದು, ರೋಮಿನಲ್ಲಿರೋ ಟ್ರಾಜನ್ ಚಕ್ರವರ್ತಿಯ ವಿಜಯ ಕಂಬದ ಕೆತ್ತನೇಲಿ ಕೆಲಸ ಮಾಡೋ ಸೈನಿಕರ ಬೆನ್ನಲ್ಲಿ ಆ ಗಂಟು ಕಾಣ್ತದೆ.

ಕಾಳಿಸಂಗಮ (ಕಾರವಾರ):
ನೈಟಿ ಅಂದ್ರಲ್ಲ 😂 ಬೆಲ್ಟ್ ಇಲ್ಲದಿದ್ರೆ ಅವ್ರಿಗೂ ನೈಟಿನೇ. ಆಗಸ್ಟಸ್ ಚಕ್ರವರ್ತಿ ಕಾಲದಲ್ಲಿ ಸೆಂಚುರಿಯನ್ (ಸೈನಿಕರ ತುಕಡಿಯ ಮುಖ್ಯಸ್ಥ) ತಪ್ಪು ಮಾಡಿದ್ರೆ ಬೆಲ್ಟ್ ಬಿಚ್ಚಿಸಿ ಬರೀ ಟ್ಯೂನಿಕ್ಕಲ್ಲಿ ಸೇನಾಪತಿ ಡೇರೆ ಮುಂದೆ ದಿನವಿಡೀ ನಿಲ್ಲಿಸ್ತಿದ್ರಂತೆ.

ಬಣ್ಣದ ಜಗಳ ಇನ್ನೂ ಮುಗ್ದಿಲ್ಲ. ಬಿಳಿಗೂ ಆಧಾರ ಇದೆ ಕೆಂಪಿಗೂ ಇದೆ, ಕೆಂಪು ಬರ್ತಿದ್ದದ್ದು ನಮ್ಮ ಮಂಜಿಷ್ಠದ ಜಾತಿದೇ ಬೇರಿಂದ. ನಾನಾಗಿದ್ರೆ ಕೋರಾ ಬಟ್ಟೇಲಿ ಬಿಳಿನೇ ಮಾಡ್ತಿದ್ದೆ. ಉಣ್ಣೆ ಮಾತ್ರ ಬೇಡ, ಲೈಟಿನ ಸೆಕೆಗೆ ಹುಡುಗ್ರು ಸ್ಟೇಜಲ್ಲೇ ಬೀಳ್ತಾರೆ.

ಕಂಬಳಿಕೊಪ್ಪೆ (ಸಿದ್ದಾಪುರ):
ಮೇಲೆ ಹೊದಿಯೋದು ಮರೀಬೇಡಿ. ಸಾಗುಮ್ ಅಂತ ಬರೀ ಚೌಕ ಉಣ್ಣೆ ಬಟ್ಟೆ, ಬಲಭುಜದ ಮೇಲೆ ದೊಡ್ಡ ಪಿನ್ನು. ಇನ್ನೊಂದು ಪೇನುಲಾ, ಟೊಪ್ಪಿ ಸಮೇತ ಇರೋದು, ನಮ್ಮಜ್ಜ ಮಳೇಲಿ ಗದ್ದೆಗೆ ಸೂಡ್ತಿದ್ದ ಕೊಪ್ಪೆ ಹಾಗೇ. ಉಣ್ಣೆ ಜಿಡ್ಡು ಪೂರ್ತಿ ತೆಗೀತಿರ್ಲಿಲ್ಲ, ಅದಕ್ಕೇ ನೀರು ಒಳಗೆ ಇಳೀತಿರ್ಲಿಲ್ಲ. ಅಟ್ಟದ ಮೇಲೆ ಹಳೇ ಕಂಬಳಿ ಇದ್ರೆ ಸಾಗುಮ್ ಆಯ್ತು, ಕತ್ತರಿಸ್ಬೇಡಿ ಮತ್ತೆ, ಮನೇಲಿ ಬೈಸ್ಕೊಳ್ತೀರಿ.

ಘಟ್ಟದಮೇಲಿನವ (ಶಿರಸಿ):
ಬೆಡ್‌ಶೀಟಲ್ಲಿ ಒಂದು ಮಾಡಿ ನೋಡ್ದೆ, ಹಗ್ಗ ಬಿಗಿದ ಕೂಡ್ಲೇ ಸೊಂಟದ ಮೇಲೆ ನೆರಿಗೆ ಬಂದು ಚಿತ್ರದಲ್ಲಿ ಇದ್ದ ಹಾಗೇ ಕಾಣ್ತು! ಆದ್ರೆ ಆ ಎರಡು ಕೆಂಪು ಅಂಗಿ ದಂಡ ಆಯ್ತಲ್ಲ, ಎಂತ ಮಾಡುದು?

ಮಗ್ಗದಗುಂಡಿ:
ಹರಿದು ಕುತ್ತಿಗೆಗೆ ಕಟ್ಸಿ. ಕವಚ ಉಜ್ಜಬಾರ್ದು ಅಂತ ಅವ್ರೂ ಕುತ್ತಿಗೆಗೆ ವಸ್ತ್ರ ಸುತ್ತಿಕೊಳ್ತಿದ್ರು.

ಘಟ್ಟದಮೇಲಿನವ (ಶಿರಸಿ):
ಆಯ್ತು, ನಾಲ್ಕು ಕುತ್ತಿಗೆಗೂ ಸಾಕು. ಭುಜದ ಹೊಲಿಗೆ ಹಾಕ್ಸೋಕೆ ಹೋಗಿದ್ದೆ, ಟೈಲರ್ ನೋಡಿ "ದಿಂಬಿನ ಕವರಿಗೂ ಇದಕ್ಕಿಂತ ಜಾಸ್ತಿ ಹೊಲಿಗೆ ಇರ್ತದೆ" ಅಂತ ದುಡ್ಡೇ ತಗೊಳ್ಳಿಲ್ಲ.