ಕಬ್ಬಿನ ರವದಿ (ಕಟಾವಾದ ಮ್ಯಾಲ ಉಳಿಯೋ ಒಣ ಎಲಿ) ಸುಡೋದು ನಿಲ್ಲಬೇಕಂದ್ರ ಅಂಜಿಸೋ ಬೋರ್ಡ್ ಬರೆಸಬೇಕೋ ಬ್ಯಾಡೋ?

ಘಟಪ್ರಭಾ_ದಂಡೆ (ಮುಧೋಳ):
ಕಬ್ಬಿನ ಕಟಾವು ಶುರುವಾಗೂಕಿಂತ ಮೊದಲು ನಮ್ಮ ರೈತ ಗುಂಪಿನಿಂದ ಗೋಡೆ ಬರಹ ಬರೆಸೋದೈತಿ. ಕರಡು ಹಿಂಗೈತಿ: ‘ರವದಿ ಸುಟ್ಟರೆ ಭೂಮಿ ಬರಡು, ಮಕ್ಕಳ ಬಾಯಿಗೆ ಮಣ್ಣು’. ಬಾಯಿಬಿಟ್ಟ ನೆಲ, ಕೆಮ್ಮೋ ಕೂಸಿನ ಚಿತ್ರ. ಅಂಜಿಸಿದಷ್ಟೂ ಛಲೋ ಅಂತ ಕೆಲವರ ವಾದ. ತಿಳಿದವರು ಹೇಳ್ರಿ.

ಮಣ್ಣು_ಅಥಣಿ:
ಅಂಜಿಕೆಯೊಂದೇ ಸಾಲದು. 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಲೆವೆಂಥಾಲ್ ತಂಡ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಭಯ ಹುಟ್ಟಿಸಿತು. ಬರೀ ಹೆದರಿಸಿದಾಗ ಚುಚ್ಚುಮದ್ದು ಹಾಕಿಸಿಕೊಂಡವರು ನೂರಕ್ಕೆ 3. ದವಾಖಾನೆಯ ನಕ್ಷೆ ಕೊಟ್ಟು, ಹೋಗುವ ಹೊತ್ತು ಗೊತ್ತು ಮಾಡಿಸಿದಾಗ 28. ಹೆಚ್ಚು ಹೆದರಿಸಿದರೂ ಕಡಿಮೆ ಹೆದರಿಸಿದರೂ ದೊಡ್ಡ ವ್ಯತ್ಯಾಸ ಬರಲಿಲ್ಲ. ದಾರಿ ಕಾಣದವನು ಅಪಾಯ ತಡೆಯುವುದಿಲ್ಲ, ‘ಇದೆಲ್ಲ ಸುಳ್ಳು’ ಅಂದು ಅಂಜಿಕೆಯನ್ನೇ ದೂರ ಮಾಡಿಕೊಳ್ಳುತ್ತಾನೆ. 1992ರಲ್ಲಿ ಸಂವಹನ ಸಂಶೋಧಕಿ ಕಿಮ್ ವಿಟ್ಟೆ ವಿವರಿಸಿದ್ದು ಇದನ್ನೇ. ವರ್ಷಗಟ್ಟಲೆ ಸುಟ್ಟ ಹೊಲದಲ್ಲೂ ಕಬ್ಬು ನಿಂತಿದೆ. ‘ಬರಡು’ ಅಂದರೆ ಯಾರು ನಂಬುತ್ತಾರೆ?

ಕೂಳೆ_ಕಬ್ಬು (ಜಮಖಂಡಿ):
ಕಣ್ಣಿಗೆ ಕಾಣೋ ಲುಕ್ಸಾನು ಬರೀರಿ: ಡ್ರಿಪ್ ಪೈಪ್ ಸುಡತಾವ, ಬೆಂಕಿ ಬಾಜೂ ಹೊಲದ ಕಬ್ಬಿಗೆ ಹಾರತೈತಿ, ಟನ್ ರವದಿಗೆ ಸುಮಾರು 4 ಕೆಜಿ ಸಾರಜನಕ ಹೊಗಿಯಾಗಿ ಹೋಗತೈತಿ. ಅದರ ಕೆಳಗ ಇನ್ನೂ ದೊಡ್ಡ ಅಕ್ಷರದಾಗ ಮಾಡೋದೇನು ಅಂತ ಇರಲಿ. ಕಡಿದ ಕಬ್ಬಿನ ಬುಡ ನೆಲಮಟ್ಟಕ್ಕ ಸವರಬೇಕು, ಬುಡದ ಮ್ಯಾಲಿನ ರವದಿ ಸಾಲಿಗೆ ಎಳೀಬೇಕು. ಇಲ್ಲಂದ್ರ ಮರಿ (ಹೊಸ ಚಿಗುರು) ತಡಾ ಬರತಾವ. ಎಕರೆಕ್ಕ 4 ಟನ್ ರವದಿ ಇದ್ರ ಯೂರಿಯಾ 32 ಕೆಜಿ, ಸಿಂಗಲ್ ಸೂಪರ್ ಫಾಸ್ಫೇಟ್ 40 ಕೆಜಿ, ಸಗಣಿ ರಾಡಿಯೊಳಗ ಕಲಸಿದ ಕೊಳೆಸುವ ಜೀವಾಣು 4 ಕೆಜಿ, ಇಷ್ಟೂ ರವದಿ ಮ್ಯಾಲ ಹಾಕಿ ಆಮ್ಯಾಲ ನೀರು ಬಿಡ್ರಿ. ಯೂರಿಯಾ ಮಾತ್ರ ಬಿಡಬ್ಯಾಡ್ರಿ. ಬಿಟ್ರ ಜೀವಾಣು ಮಣ್ಣಿನ ಸಾರಜನಕಾನೇ ಹಿಡಕೋತಾವ, ಕೂಳೆ (ಬುಡದಿಂದ ಮತ್ತ ಚಿಗಿಯೋ ಕಬ್ಬು) ಹಳದಿ ಬೀಳತೈತಿ, ‘ಸುಡದೇ ಬಿಟ್ಟಿದ್ದಕ್ಕ ಹಿಂಗಾತು’ ಅಂತ ಸುದ್ದಿ ಹಬ್ಬಿ ಮುಂದಿನ ವರ್ಷ ಎಲ್ಲಾರೂ ಕಡ್ಡಿ ಗೀರತಾರ.

ಘಟಪ್ರಭಾ_ದಂಡೆ (ಮುಧೋಳ):
‘ಊರೆಲ್ಲಾ ಸುಡತೈತಿ, ನಾಚಿಕಿ ಇಲ್ಲೇನು’ ಅಂತ ಒಂದು ಸಾಲು ಹಾಕಿದ್ರ ಹೆಂಗ್ರಿ?

ವಿಜಯಪುರ_ಬಿಸಿಲು:
ಬ್ಯಾಡ್ರಿ. ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಾಗ ‘ಭಾಳ ಮಂದಿ ಶಿಲೆಯಾದ ಕಟಗಿ ಒಯ್ದಾರ’ ಅನ್ನೋ ಫಲಕ ಇಟ್ಟಾಗ ಕಳವು ಹೆಚ್ಚಾಗಿದ್ದನ್ನ ಮನಶ್ಶಾಸ್ತ್ರಜ್ಞ ಸಿಯಾಲ್ಡಿನಿ ತೋರಿಸ್ಯಾರ. ಎಲ್ಲಾರೂ ಮಾಡ್ತಾರಂದ್ರ ನಾ ಮಾಡಿದ್ರೇನು ಅನ್ನಿಸ್ತದ. ಅದರ ಬದಲು ಸುಡದೇ ಬಿಟ್ಟ ಹೊಲದ ಬದುವಿನ ಮ್ಯಾಲೆ ಫಲಕ ನಿಲ್ಲಿಸ್ರಿ. ಕೂಸಿನ ಚಿತ್ರ ತಗದು ಆ ಜಾಗಾದಾಗ ರವದಿ ಪುಡಿ ಮಾಡೋ ಯಂತ್ರದ ಬಾಡಿಗಿ, ಫೋನ್ ನಂಬರ್ ಬರೆಸ್ರಿ. ಗೋಡೆ ಜೊತಿಗೆ ಒಂದು ಚೀಟಿನೂ ಬೇಕು. ಕಬ್ಬು ಕಡಿಯೋ ಗ್ಯಾಂಗ್ ಹೊಲಕ್ಕ ಇಳಿಯೋ ದಿನಾನೇ ರೈತರ ಕೈಯಾಗ ಕೊಡ್ರಿ, ಗ್ಯಾಂಗ್ ಹೋದ ಮ್ಯಾಲ ತಡಾ ಆಗ್ತದ. ಯಂತ್ರ ಬರೋ ತಾರೀಖಿನ ಜಾಗಾ ಖಾಲಿ ಬಿಟ್ಟು, ಅವರ ಕೈಯಿಂದಲೇ ಅಲ್ಲೇ ತುಂಬಿಸ್ರಿ.