ಬೆವರು ಕಾಣದ ಬಿಸಿಲಲ್ಲಿ ಸಣ್ಣ ಮಕ್ಕಳ ಚಾರಣ: ಪ್ರಶ್ನೋತ್ತರ

ಪ್ರಶ್ನೆ (ಕುಮಟಾ): ಏಪ್ರಿಲ್ ಕೊನೆಗೆ ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋಗ್ತಾ ಇದ್ದೇವೆ. ಲಾಸ್ ವೇಗಸ್‌ನಲ್ಲಿ ಬಾಡಿಗೆ ಕಾರು ತಗೊಂಡು ಡೆತ್ ವ್ಯಾಲಿ, ಜಯಾನ್, ಆರ್ಚಸ್, ಗ್ರ್ಯಾಂಡ್ ಕ್ಯಾನಿಯನ್ ಈ ನಾಲ್ಕು ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವ ಯೋಚನೆ. ಮಗಳಿಗೆ 4 ವರ್ಷ, ಮಗನಿಗೆ 7. ಯಾಣಕ್ಕೆ, ವಿಭೂತಿ ಫಾಲ್ಸ್‌ಗೆ ಇಬ್ಬರೂ ನಡೆದಿದ್ದಾರೆ. ಕುಡ್ಲೆಯಿಂದ ಓಂ ಬೀಚಿಗೂ ದಾಟಿದ್ದಾರೆ. ಕರಾವಳಿಯ ಸೆಕೆಯಲ್ಲೇ ಬೆಳೆದ ಮಕ್ಕಳು, ಅಲ್ಲಿಯ ಬಿಸಿಲನ್ನೂ ತಡೆದುಕೊಳ್ತಾರೆ ಅಂದ್ಕೊಂಡಿದ್ದೇವೆ. ನೀರು ಎಷ್ಟು ಒಯ್ಯಬೇಕು, ದಿನಕ್ಕೆ ಎಷ್ಟು ನಡೆಸಬಹುದು? ಡಾಕ್ಟ್ರು ಮತ್ತೆ ಚಾರಣದವರು ಹೇಳಿ.

ಉತ್ತರ (ಮಕ್ಕಳ ವೈದ್ಯೆ, ಕಾರವಾರ): ಇಲ್ಲಿಯ ಸೆಕೆಯ ರೂಢಿಯನ್ನು ನಂಬಿಕೊಂಡು ಹೋಗಬೇಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಹತ್ತು ಹೆಜ್ಜೆ ಇಟ್ಟರೆ ಅಂಗಿ ಬೆನ್ನಿಗೆ ಅಂಟುತ್ತದೆ. ಅದನ್ನು ನೋಡಿಯೇ ನಾವು ಮಕ್ಕಳಿಗೆ ನೀರು ಕೊಡೋದು. ಅಲ್ಲಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಮಗುವಿನ ಮೈ ಒಣಗಿಯೇ ಇರುತ್ತದೆ, ಒಳಗೆ ನೀರು ಕಡಿಮೆಯಾಗುತ್ತಾ ಇರುತ್ತದೆ. ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ಬೆರಳಾಡಿಸಿ ನೋಡಿ. ಬಿಳಿ ಪುಡಿಯಂಥ ಉಪ್ಪು ಸಿಕ್ಕಿದರೆ ಬೆವರು ಸಾಕಷ್ಟು ಹೋಗಿದೆ ಅಂತ ಅರ್ಥ.

ಬಾಯಾರಿಕೆ ಅಂತ ಹೇಳುವವರೆಗೆ ಕಾಯೋದು ಬೇಡ. ನಡೆಯುವಾಗ 15–20 ನಿಮಿಷಕ್ಕೊಮ್ಮೆ ನಿಲ್ಲಿಸಿ ಸಣ್ಣವಳಿಗೆ ಸುಮಾರು 100 ಮಿ.ಲೀ., ದೊಡ್ಡವನಿಗೆ 150 ಮಿ.ಲೀ. ಕುಡಿಸಿ. ತಲೆಗೆ ದಿನಕ್ಕೆ 4 ಲೀಟರ್ ಇಟ್ಟುಕೊಳ್ಳಿ ಅಂತ ಅಲ್ಲಿಯ ಉದ್ಯಾನದವರೇ ಹೇಳ್ತಾರೆ. ನಾಲ್ಕು ಜನಕ್ಕೆ 16 ಲೀಟರ್ ಆಯ್ತು. ಅದು ನಡಿಗೆಗೆ. ಕಾರು ಕೆಟ್ಟರೆ ಬೇಕಾಗುತ್ತದೆ ಅಂತ ಇನ್ನೊಂದು 8 ಲೀಟರ್ ಡಿಕ್ಕಿಯಲ್ಲಿ ಬೇರೆ ಇಡಿ, ಅದನ್ನು ಮುಟ್ಟಬೇಡಿ.

ಬರೀ ನೀರನ್ನೇ ಹೊಟ್ಟೆತುಂಬ ಕುಡಿಸುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗುತ್ತದೆ, ಜೋರಾದರೆ ಫಿಟ್ಸೂ ಬರಬಹುದು. ನೀರಿನ ಜೊತೆ ಉಪ್ಪಿನ ತಿಂಡಿ ಇರಲಿ. ಶಿರಸಿ ಕಡೆಯ ಹಲಸಿನ ಚಿಪ್ಸ್, ಚಕ್ಕುಲಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ ಒಳ್ಳೇ ಕೆಲಸ ಮಾಡುತ್ತವೆ. ಓಆರ್‌ಎಸ್ ಪುಡಿ ಹತ್ತು ಪ್ಯಾಕೆಟ್ ಇಲ್ಲಿಂದಲೇ ಒಯ್ಯಿರಿ. ದೊಡ್ಡ ಪ್ಯಾಕೆಟ್ ಒಂದಕ್ಕೆ ಸರಿಯಾಗಿ 1 ಲೀಟರ್ ನೀರು. ಅಂದಾಜಿನಲ್ಲಿ ಅರ್ಧ ಪುಡಿ, ಅರ್ಧ ಬಾಟಲಿ ಮಾಡಬೇಡಿ. ಗಟ್ಟಿಯಾದರೆ ಮಗುವಿಗೆ ಅಪಾಯವೇ. ಹಣ್ಣಿನ ರಸದ ಡಬ್ಬಿ ಇದಕ್ಕೆ ಬದಲಿ ಅಲ್ಲ.

ಆರು ತಾಸಾದರೂ ಮೂತ್ರಕ್ಕೆ ಹೋಗಿಲ್ಲ, ಅಥವಾ ಕಡು ಹಳದಿ ಬಣ್ಣ ಬಂತು ಅಂದರೆ ಆ ದಿನದ ನಡಿಗೆ ಅಲ್ಲಿಗೇ ಬಿಡಿ. ಹರಟುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ, ಕಾರಣವಿಲ್ಲದೆ ಹಟ ಹಿಡಿದರೆ ಸುಸ್ತು ಅಂತ ಮುಂದಕ್ಕೆ ಎಳೆಯಬೇಡಿ, ನೆರಳಿಗೆ ತನ್ನಿ. ಹತ್ತಿಯ ಅಂಗಿಯನ್ನು ನೀರಲ್ಲಿ ಅದ್ದಿ ತೊಡಿಸಿ. ನಮ್ಮಲ್ಲಿ ಒದ್ದೆ ಬಟ್ಟೆ ಆರುವುದೇ ಇಲ್ಲ, ಅದಕ್ಕೇ ಅದರಿಂದ ತಂಪು ಸಿಗುವುದು ಕಡಿಮೆ. ಅಲ್ಲಿ ನಿಮಿಷಗಳಲ್ಲಿ ಆರುತ್ತದೆ, ಆರುವಾಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಮಾತು ತೊದಲಿದರೆ, ಗೊಂದಲ ಕಂಡರೆ ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಸಹಾಯ ಬರುವವರೆಗೆ ನೀರು ಹಾಕಿ ಗಾಳಿ ಬೀಸುತ್ತಲೇ ಇರಿ.

ಉತ್ತರ (ಚಾರಣ ಮಾರ್ಗದರ್ಶಿ, ಶಿರಸಿ): ಯಾಣದ ದಾರಿಗೆ ಕಾಡಿನ ನೆರಳಿದೆ. ಈ ಉದ್ಯಾನಗಳಲ್ಲಿ ಬಹುಪಾಲು ದಾರಿಗೆ ಅದಿಲ್ಲ. ಸಣ್ಣವಳ ನಡಿಗೆಗೆ ಹೋಗಿಬರುವುದು ಸೇರಿ 3 ಕಿ.ಮೀ. ಮೇಲೆ ಹಾಕಬೇಡಿ, ತಾಸಿಗೆ ಒಂದೂವರೆ ಕಿ.ಮೀ. ಲೆಕ್ಕ. ಸೂರ್ಯೋದಯಕ್ಕೆ ಶುರುಮಾಡಿ, ಹತ್ತು ಗಂಟೆಯೊಳಗೆ ಕಾರಲ್ಲಿರಿ.

ಡೆತ್ ವ್ಯಾಲಿಗೆ ಮೊದಲು ಹೋಗಿ. ಏಪ್ರಿಲ್‌ನಲ್ಲಿ ಹಗಲಿನ ಸರಾಸರಿ ಗರಿಷ್ಠ ಸುಮಾರು 33 ಡಿಗ್ರಿ, ಮೇಯಲ್ಲಿ 38 ದಾಟುತ್ತದೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲು ಮಟ್ಟಸ, ಸಾಕೆನಿಸಿದಲ್ಲಿಂದ ತಿರುಗಬಹುದು. ಮೆಸ್ಕೀಟ್ ಮರಳದಿಣ್ಣೆಗೆ ಬೆಳಗ್ಗೆ ಮಾತ್ರ. ಹೊತ್ತೇರಿದ ಮೇಲೆ ಮರಳು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಸಣ್ಣವರ ಮುಖ ಆ ಕಾವಿಗೆ ನಮಗಿಂತ ಹತ್ತಿರ. ಚಪ್ಪಲಿ ಬೇಡ, ಬೂಟು.

ಆರ್ಚಸ್‌ನಲ್ಲಿ ಸ್ಯಾಂಡ್ ಡ್ಯೂನ್ ಆರ್ಚ್ (ಆರ್ಚ್ ಅಂದರೆ ಬಂಡೆಯ ಕಮಾನು) ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಹೋಗಿಬರಲು ಅರ್ಧ ಕಿ.ಮೀ., ಎರಡು ಬಂಡೆಗೋಡೆಗಳ ನಡುವೆ ನೆರಳು, ಕಾಲಡಿ ಮೆತ್ತನೆ ಮರಳು. ಡೆಲಿಕೇಟ್ ಆರ್ಚ್ ಸುಮಾರು 5 ಕಿ.ಮೀ., 146 ಮೀಟರ್ ಏರು, ಬೋಳು ಬಂಡೆ, ಕೊನೆಗೆ ಒಂದು ಪಕ್ಕ ಪ್ರಪಾತ. ಮಗನನ್ನು ಒಬ್ಬರು ಕರೆದೊಯ್ಯಿರಿ, ಮಗಳು ಕೆಳಗೆ ಇನ್ನೊಬ್ಬರ ಜೊತೆ ಇರಲಿ. ದಾರಿಯ ಪಕ್ಕದ ಕಪ್ಪು, ಉಬ್ಬುತಗ್ಗಿನ ಮಣ್ಣಿನ ಮೇಲೆ ಕಾಲಿಡಗೊಡಬೇಡಿ. ಅದು ಜೀವಂತ ಹೊದಿಕೆ, ತುಳಿದರೆ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಕೊನೆಯಲ್ಲೂ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಸ್ವೆಟರ್ ಬೇಕೇ ಬೇಕು. ಇಲ್ಲಿ ಇಳಿಯುವುದು ಮೊದಲು, ಹತ್ತುವುದು ಆಮೇಲೆ, ಅದೂ ಬಿಸಿಲೇರಿದ ಹೊತ್ತಿಗೆ. ಇಳಿದ ಸಮಯದ ಎರಡು ಪಟ್ಟು ಹತ್ತಲು ಹಿಡಿಯಿರಿ. ಮಕ್ಕಳಿಗೆ ಮೇಲಿನ ಅಂಚಿನ ಡಾಂಬರು ದಾರಿ ಸಾಕು. ಎಲ್ಲ ಕಡೆ ಬೇಲಿ ಇಲ್ಲ, ಕೈ ಹಿಡಿದೇ ನಡೆಸಿ.

ಮರುಪ್ರಶ್ನೆ (ಕುಮಟಾ): ಜಯಾನ್‌ನಲ್ಲಿ ನದಿಯೊಳಗೇ ನಡೆಯುವ ನ್ಯಾರೋಸ್ ದಾರಿ ಮಗನಿಗೆ ಬೇಕಂತೆ. ಪಾಪಾಸುಕಳ್ಳಿ ಮುಳ್ಳು ಚುಚ್ಚಿದರೆ ಏನು ಮಾಡೋದು ಅಣ್ಣಾ?

ಉತ್ತರ (ಶಿರಸಿ): ಈ ಸಲ ನ್ಯಾರೋಸ್ ಬೇಡ. ವಸಂತದಲ್ಲಿ ಹಿಮ ಕರಗಿ ನದಿ ತುಂಬುತ್ತದೆ, ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ದಾರಿಯನ್ನೇ ಮುಚ್ಚುತ್ತಾರೆ. ಅಲ್ಲಿವರೆಗಿನ ರಿವರ್‌ಸೈಡ್ ವಾಕ್ ಅನ್ನೋ ಕಾಲುದಾರಿ ಹೋಗಿಬರಲು ಮೂರೂವರೆ ಕಿ.ಮೀ., ನೆರಳೂ ಇದೆ. ಇದೊಂದಕ್ಕೆ ನಾನು ಹೇಳಿದ ಮಿತಿ ಸ್ವಲ್ಪ ಮೀರಬಹುದು, ಮಗಳು ದಣಿದಲ್ಲಿಂದ ತಿರುಗಿ. ನೀರಲ್ಲಿ ಮುಳುಗು ಹಾಕಲು ಬಿಡಬೇಡಿ. ವಿಷಕಾರಿ ಸಯಾನೋಬ್ಯಾಕ್ಟೀರಿಯಾ (ನೀರಲ್ಲಿ ಬೆಳೆಯುವ ಸೂಕ್ಷ್ಮಜೀವಿ) ಇರುವ ಬಗ್ಗೆ ಉದ್ಯಾನದ ಎಚ್ಚರಿಕೆ ಇದೆ, ಬಾಯಿಗೆ ನೀರು ಹೋಗಬಾರದು. ಇಕ್ಕಟ್ಟಾದ ಬಂಡೆಕಣಿವೆಗೆ ಹೊರಡುವ ಮುನ್ನ ಪ್ರವಾಹದ ಮುನ್ಸೂಚನೆ ಕೇಳಿ. ಎಲ್ಲೋ ದೂರದಲ್ಲಿ ಬಿದ್ದ ಮಳೆ ನಿರ್ಮಲ ಆಕಾಶದ ಕೆಳಗೆ ನಿಂತವರ ಮೇಲೆ ನುಗ್ಗಿ ಬರುತ್ತದೆ.

ದೊಡ್ಡ ಮುಳ್ಳನ್ನು ಚಿಮಟದಿಂದ ನೇರವಾಗಿ ಎಳೆಯಿರಿ. ಕೂದಲಿನಂಥ ಸಣ್ಣ ಮುಳ್ಳನ್ನು ಉಜ್ಜಿದರೆ ಮುರಿದು ಒಳಗೆ ಉಳಿಯುತ್ತದೆ. ಅದರ ಮೇಲೆ ಬಿಳಿ ಗೋಂದು ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಸಿಪ್ಪೆಯ ಹಾಗೆ ಎತ್ತಿ. ಚಿಮಟ, ಗೋಂದು ಎರಡೂ ಕೈಚೀಲದಲ್ಲೇ ಇರಲಿ.

ಉತ್ತರ (ಕಾರವಾರ): ಇನ್ನೊಂದು ಮಾತು ಸೇರಿಸ್ತೇನೆ. ಕಾರಲ್ಲಿ ಮಗನಿಗೂ ಬೂಸ್ಟರ್ ಸೀಟು (ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು) ಕಾಯ್ದಿರಿಸಿ. ಡೆತ್ ವ್ಯಾಲಿ ಇರುವ ಕ್ಯಾಲಿಫೋರ್ನಿಯಾ, ಜಯಾನ್, ಆರ್ಚಸ್ ಇರುವ ಯೂಟಾ, ಈ ಎರಡು ರಾಜ್ಯಗಳಲ್ಲೂ 8 ವರ್ಷದೊಳಗಿನವರಿಗೆ ಕಾನೂನು ಹಾಗಿದೆ. ಬಿಸಿಲಲ್ಲಿ ನಿಂತ ಕಾರಿನ ಬೆಲ್ಟಿನ ಲೋಹ ಮುಟ್ಟಿ ನೋಡಿಯೇ ಮಗುವಿಗೆ ಹಾಕಿ. ಐದು ನಿಮಿಷಕ್ಕೂ ಮಕ್ಕಳನ್ನು ಒಳಗೆ ಬಿಟ್ಟು ಇಳಿಯಬೇಡಿ.

ಉತ್ತರ (ಶಿರಸಿ): ಹೌದು. ಡೆತ್ ವ್ಯಾಲಿಯ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಪೆಟ್ರೋಲ್ ತುಂಬಿಸಿಯೇ ಒಳಗೆ ಹೋಗಿ. ಕಾರು ಕೆಟ್ಟರೆ ಬಾನೆಟ್ ಎತ್ತಿಟ್ಟು ಅದರ ಹತ್ತಿರವೇ ಇರಿ, ಮಕ್ಕಳನ್ನು ಕರೆದುಕೊಂಡು ರಸ್ತೆಗುಂಟ ನಡೆಯಲು ಹೊರಡಬೇಡಿ.