ಈಸ್‌ಆಲ್ಫಾ ಟೆಸ್ಟ್: ‘ಕಮಲ’ ಪಾಸು, ‘ರಮೇಶ’ ಫೇಲು

(ಸಾಫ್ಟ್‌ವೇರ್ ಪರೀಕ್ಷಕಿಗೆ ಬೆಂಗಳೂರಿನ ಬೇರೆ ಬೇರೆ ಬಡಾವಣೆಯವರು ಕೇಳಿದ ಪ್ರಶ್ನೆಗಳು)

ಯಲಹಂಕ: ಮೇಡಂ, ಅರ್ಜಿ ಫಾರಂನಲ್ಲಿ ಹೆಸರು ಚೆಕ್ ಮಾಡೋಕೆ ಪೈಥಾನ್ ಭಾಷೆಯ ಈಸ್‌ಆಲ್ಫಾ (ಪದದಲ್ಲಿ ಬರೀ ಅಕ್ಷರಗಳೇ ಇವೆಯಾ ಅಂತ ನೋಡೋ ಫಂಕ್ಷನ್) ಹಾಕಿದ್ವಿ. ‘ಕಮಲ’, ‘ಭರತ’ ಕೊಟ್ಟಾಗ ಪಾಸು. ಲೈವ್ ಆದ್ಮೇಲೆ ‘ರಮೇಶ’ ಅಂದ್ರೆ ‘ಅಕ್ಷರ ಮಾತ್ರ ಬಳಸಿ’ ಅಂತಿದೆ. ಲೈಬ್ರರಿ ಬಗ್ಗಾ?

ಪರೀಕ್ಷಕಿ: ಬಗ್ ಅಲ್ಲ, ಆದ್ರೆ ತುಂಬ ಜನರ ಅರ್ಜಿ ತಡೆಯೋ ತಪ್ಪು. ನೀವು ಆರಿಸಿದ ಎರಡೂ ಹೆಸರಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಯ ಅಕ್ಷರಗಳಿಗೂ ಕೋಡ್ ಸಂಖ್ಯೆ ಕೊಡೋ ಪದ್ಧತಿ) ಕ, ಮ, ಲ ‘ಲೆಟರ್’ ವರ್ಗ. ಏತ್ವ, ಕೊಂಬು, ಅನುಸ್ವಾರ, ಹಲಂತ ಎಲ್ಲ ‘ಮಾರ್ಕ್’ ವರ್ಗ. ಒಂದು ಮಾರ್ಕ್ ಸಿಕ್ಕರೂ ಈಸ್‌ಆಲ್ಫಾ ಫಾಲ್ಸ್ ಕೊಡುತ್ತೆ. ‘ಕನ್ನಡ’, ‘ಬೆಂಗಳೂರು’ ಎರಡೂ ಫೇಲು, ಓಡಿಸಿ ನೋಡಿ. ಜಾವಾ ಭಾಷೆಯ ಇಂಥದ್ದೇ ಫಂಕ್ಷನ್ ಈಸ್‌ಆಲ್ಫಬೆಟಿಕ್ ಏತ್ವ, ಕೊಂಬು ಒಪ್ಪುತ್ತೆ, ಹಲಂತ ಒಪ್ಪಲ್ಲ. ಲೆಟರ್ ಜೊತೆ ಮಾರ್ಕನ್ನೂ ಒಪ್ಪೋ ಹಾಗೆ ಮಾಡಿ. ಇನಿಷಿಯಲ್‌ಗೆ ಚುಕ್ಕಿ, ಸ್ಪೇಸ್ ಬೇಕು. ಟೆಸ್ಟ್‌ಗೆ ‘ಕೃಷ್ಣ’, ‘ಗಂಗಾ’, ಖಾಲಿ ಸ್ಟ್ರಿಂಗ್ ಎಲ್ಲ ಕೊಡಿ. ‘ಕೋ’ದ ಸ್ವರಚಿಹ್ನೆಯನ್ನ ಒಂದೇ ಕೋಡ್ ಆಗಿಯೂ ಮೂರಾಗಿ ಬಿಡಿಸಿಯೂ ಕೊಡಿ, ಉತ್ತರ ಒಂದೇ ಬರಬೇಕು.

ರಾಜಾಜಿನಗರ: ಗ್ರೂಪ್‌ಗಳಲ್ಲಿ ಓಡಾಡ್ತಿರೋ ಪರಿಹಾರ: ‘ಯೂನಿಕೋಡ್‌ನ ಕನ್ನಡ ವಿಭಾಗ, ಅಂದ್ರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇರೋದೆಲ್ಲ ಅಕ್ಷರ ಅನ್ನಿ, ಮುಗೀತು.’

ಪರೀಕ್ಷಕಿ: ಹಾಕಬೇಡಿ. ೦ಯಿಂದ ೯ರವರೆಗಿನ ಅಂಕಿಗಳೂ ಅದರೊಳಗೇ ಇವೆ, ಯಾವುದಕ್ಕೂ ಕೊಡದ ಖಾಲಿ ಜಾಗಗಳೂ ಇವೆ. ‘ರ‍್ಯಾಂಕ್’ ಅಂತ ಅರ್ಕಾವತ್ತಿಲ್ಲದೆ ಬರೆಯೋಕೆ ಬೇಕಾದ ಝಡ್‌ಡಬ್ಲ್ಯೂಜೆ (ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ) ಮಾತ್ರ ಅದರೊಳಗೆ ಇಲ್ಲ. ಓಡಿಸಿ ನೋಡದೆ ಫಾರ್ವರ್ಡ್ ಮಾಡಿದ್ದನ್ನ ಯಾರೋ ನಾಳೆ ಲೈವ್‌ಗೆ ಹಾಕ್ತಾರೆ.

ಬಸವನಗುಡಿ: ಈಸ್‌ಡಿಜಿಟ್‌ಗೆ (ಬರೀ ಅಂಕಿಯಾ ಅಂತ ನೋಡೋ ಫಂಕ್ಷನ್) ‘೧೨’ ಕೊಡಬಹುದಾ?

ಪರೀಕ್ಷಕಿ: ಪೈಥಾನ್‌ನಲ್ಲಿ ಟ್ರೂ. ಸಿ ಭಾಷೆಯಲ್ಲಿ 0ಯಿಂದ 9 ಮಾತ್ರ.

ಕೆಂಗೇರಿ: ಸಿ ಈಸ್‌ಆಲ್ಫಾಗೆ ಕನ್ನಡ ಬೈಟ್ ಕೊಟ್ಟರೆ ಒಮ್ಮೊಮ್ಮೆ ಕ್ರ್ಯಾಶ್.

ಪರೀಕ್ಷಕಿ: ಅನ್‌ಸೈನ್ಡ್ ಚಾರ್ (ಋಣಸಂಖ್ಯೆ ಆಗದ ಬೈಟ್) ಮಾಡಿ ಕೊಡಿ. ಇಒಎಫ್ (ಫೈಲ್ ಮುಗೀತು ಅನ್ನೋ ಗುರುತು) ಬಿಟ್ಟು ಬೇರೆ ಋಣಸಂಖ್ಯೆ ಹೋದರೆ ಏನು ಬೇಕಾದರೂ ಆಗಬಹುದು.

ಹೆಬ್ಬಾಳ: ಜಾವಾಸ್ಕ್ರಿಪ್ಟ್‌ನಲ್ಲಿ ಹೇಗೆ?

ಮಲ್ಲೇಶ್ವರ: ಹೆಸರು ಇಂಗ್ಲಿಷಲ್ಲೇ ಕೇಳಿ ಸ್ವಾಮಿ. ಇಷ್ಟೆಲ್ಲ ಯಾಕೆ?

ಯಲಹಂಕ: ಬೆಂಗಳೂರಲ್ಲಿ ಕೂತು ಕನ್ನಡದಲ್ಲಿ ಹೆಸರು ಬರೀಬಾರದಾ?

ಮಲ್ಲೇಶ್ವರ: ಅಭಿಮಾನ ಬೇರೆ, ರಿಲೀಸ್ ಡೇಟ್ ಬೇರೆ.

ರಾಜಾಜಿನಗರ: ಅರ್ಜಿ ಹಾಕೋರು ನಿಮ್ಮ ರಿಲೀಸ್ ಡೇಟ್ ಕಟ್ಕೊಂಡು ಏನ್ರೀ ಮಾಡ್ಬೇಕು?

ಮಲ್ಲೇಶ್ವರ: ಫಾರ್ವರ್ಡ್ ಹಾಕೋರಿಂದ ಪಾಠ ಬೇಡ.

ಜೆ.ಪಿ. ನಗರ: ಮೇಡಂ, ‘ಗೀತಾ’ ಫೇಲ್ ಆಗ್ತಿದೆ. ಬಗ್ಗಾ?

ಪರೀಕ್ಷಕಿ: ಮೇಲೆ ಓದಿ.

ಮಲ್ಲೇಶ್ವರ: ನಮ್ಮಲ್ಲಿ ಎಲ್ಲ ಟೆಸ್ಟೂ ಪಾಸಾಗಿದೆ, ಒಂದೂ ದೂರಿಲ್ಲ.

ಪರೀಕ್ಷಕಿ: ಟೆಸ್ಟ್ ಇಲ್ಲಿ ಹಾಕಿ.

ಮಲ್ಲೇಶ್ವರ: ಆಫೀಸ್ ಕೋಡ್ ಹೊರಗೆ ಕೊಡೋಕಾಗಲ್ಲ.

ಪರೀಕ್ಷಕಿ: ಕೋಡ್ ಕೇಳ್ಲಿಲ್ಲ. ಟೆಸ್ಟ್‌ಗೆ ಯಾವ ಹೆಸರು ಕೊಟ್ಟಿದ್ದೀರಿ, ಅಷ್ಟು ಹೇಳಿ.